ಬಾಯಾರುವ ಮುಂಚೆ ನೀರು: ಎವರೆಸ್ಟ್ ಬೇಸ್ ಕ್ಯಾಂಪ್‌ವರೆಗೆ ಕಾಲ್ನಡಿಗೆ

ಹೊರಡುವ ಮುಂಚೆ

ನೇಪಾಳದ ಲುಕ್ಲಾ ಊರಿನಿಂದ, ಎವರೆಸ್ಟ್ ಹತ್ತುವ ತಂಡಗಳು ಬೀಡುಬಿಡುವ ಬೇಸ್ ಕ್ಯಾಂಪ್‌ಗೆ ಹೋಗಿ ಬರುವುದೆಂದರೆ ಸುಮಾರು 130 ಕಿಲೋಮೀಟರ್ ನಡಿಗೆ. ಹಗ್ಗ ಹಿಡಿದು ಹತ್ತುವ ಜಾಗ ಒಂದೂ ಇಲ್ಲ. ದಾರಿ ಇದೆ, ಊರುಗಳಿವೆ, ರಾತ್ರಿ ಮಲಗಲು ಲಾಡ್ಜ್‌ಗಳಿವೆ. ಕಷ್ಟ ಇರುವುದು ದಿನವೂ ಎದ್ದು ಮತ್ತೆ ನಡೆಯುವುದರಲ್ಲಿ. ಅದೂ ಮೇಲೆ ಹೋದಂತೆಲ್ಲ ಗಾಳಿ ತೆಳುವಾಗುವ ಜಾಗದಲ್ಲಿ.

ಇಂಥ ನಡಿಗೆಯನ್ನು ದಾಟಿಸುವುದು ತೋಳ್ಬಲ ಅಲ್ಲ, ಸಣ್ಣ ಸಣ್ಣ ಅಭ್ಯಾಸಗಳು. ಬಾಯಾರುವ ಮುಂಚೆ ಕುಡಿಯುವುದು. ಬೊಬ್ಬೆ ಏಳುವ ಮುಂಚೆ ಟೇಪ್ ಹಚ್ಚುವುದು. ಬೆವರುವ ಮುಂಚೆ ಜಾಕೆಟ್ ತೆಗೆಯುವುದು. ಎಲ್ಲವೂ 'ಮುಂಚೆ'. ಆಮೇಲೆ ಮಾಡಿದರೆ ಅದು ಚಿಕಿತ್ಸೆ, ತಯಾರಿ ಅಲ್ಲ.

ನಾನು ಮತ್ತು ಅಕ್ಕ ತಿಂಗಳುಗಟ್ಟಲೆ ಮುಂಚಿನಿಂದಲೇ ಮೆಟ್ಟಿಲು ಹತ್ತಲು ಶುರು ಮಾಡಿದೆವು. ಹತ್ತಿದಷ್ಟೇ ಇಳಿದೆವು ಕೂಡ. ಇಳಿಯುವುದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ, ಅಲ್ವಾ? ಆದರೆ ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಅದಕ್ಕೆ ಆ ಕೆಲಸ ಹೊಸದಾದರೆ ಮರುದಿನ ಕೂರಲೂ ಆಗುವುದಿಲ್ಲ, ಏಳಲೂ ಆಗುವುದಿಲ್ಲ. ಮೊದಲು ಬರೀ ಬೆನ್ನು, ಆಮೇಲೆ ಬ್ಯಾಗಿನಲ್ಲಿ ನೀರಿನ ಬಾಟಲಿಗಳು. ಭಾರಕ್ಕೆ ನೀರೇ ಒಳ್ಳೆಯದು. ಮಂಡಿ ನೋಯಲು ಶುರುವಾದರೆ ಅಲ್ಲೇ ಚೆಲ್ಲಿ ಹಗುರವಾಗಿ ಇಳಿಯಬಹುದು.

ವಾರದ ಕೊನೆಗೆ ಶನಿವಾರ, ಭಾನುವಾರ ಎರಡೂ ದಿನ ದೂರದ ನಡಿಗೆ. ಇದರಲ್ಲಿ ಭಾನುವಾರದ ನಡಿಗೆಯೇ ಮುಖ್ಯ. ಹಿಂದಿನ ದಿನ ದಣಿದ ಕಾಲಿನಲ್ಲಿ ಹೇಗೆ ನಡೆಯುವುದು, ಎಲ್ಲಿ ನಿಲ್ಲುವುದು ಅನ್ನುವುದು ಆಗಲೇ ಗೊತ್ತಾಗುವುದು. ವೇಗಕ್ಕೆ ನಮ್ಮದು ಒಂದೇ ಅಳತೆ: ಮಾತಾಡುತ್ತಾ ನಡೆಯಲು ಆಗಬೇಕು. ಮಾತು ಕಡಿದು ಕಡಿದು ಬರುತ್ತಿದೆ ಅಂದರೆ ಜೋರಾಯಿತು.

ಶೂ ಕೊಂಡಿದ್ದು ಸಂಜೆ ಹೊತ್ತು. ದಿನವೆಲ್ಲ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ನಡೆಯುವ ದಿನಗಳಲ್ಲೂ ಹಾಗೇ ಊದುತ್ತದೆ. ಬೆರಳುಗಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬಿಟ್ಟುಕೊಂಡೆವು. ಜಾಗ ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಶೂವಿನ ತುದಿಗೆ ಬಡಿದು ಬಡಿದು ಕಪ್ಪಾಗುತ್ತದೆ. ಹೊಸ ಶೂ ಹಾಕಿಕೊಂಡು ದೂರದ ದಾರಿಗೆ ಹೋಗುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದೇ ಶೂ, ಅದೇ ಸಾಕ್ಸ್, ಅದೇ ಬ್ಯಾಗು ಹಾಕಿಕೊಂಡು ಅಭ್ಯಾಸ ಮಾಡಿರಬೇಕು. ಉಗುರನ್ನು ಹೊರಡುವುದಕ್ಕೆ ಕೆಲವು ದಿನ ಮುಂಚೆಯೇ ಕತ್ತರಿಸಿಕೊಳ್ಳಬೇಕು.

ಇನ್ನೊಂದು ತಯಾರಿ ಮಾತಿನದು. ತಲೆನೋವು ಬಂದರೆ ಯಾರೂ ಮುಚ್ಚಿಡಬಾರದು. ತಲೆನೋವು ಇಟ್ಟುಕೊಂಡು ಇನ್ನೂ ಮೇಲಿನ ಊರಿಗೆ ಹೋಗಿ ಮಲಗಬಾರದು. ಒಬ್ಬರು ಇಳಿಯಬೇಕಾದರೆ ಇಬ್ಬರೂ ಇಳಿಯುವುದು. ಇದನ್ನು ಮನೆಯಲ್ಲೇ, ಕಾಫಿ ಕುಡಿಯುತ್ತಾ, ತಲೆ ತಣ್ಣಗಿರುವಾಗಲೇ ತೀರ್ಮಾನ ಮಾಡಿಕೊಂಡೆವು. ರಜೆಯನ್ನೂ ನಡಿಗೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಹಾಕಿದೆವು.

1ನೇ ದಿನ: ಲುಕ್ಲಾದಿಂದ ಫಾಕ್ಡಿಂಗ್

ಜನ ಜಾಸ್ತಿ ಬರುವ ಅಕ್ಟೋಬರ್ ಹೊತ್ತಿನಲ್ಲಿ ಲುಕ್ಲಾ ವಿಮಾನಗಳು ಹೆಚ್ಚಾಗಿ ಕಠ್ಮಂಡುವಿನ ಬದಲು ರಾಮೇಛಾಪ್ ಜಿಲ್ಲೆಯ ಮಂಥಲಿಯಿಂದ ಹಾರುತ್ತವೆ. ಕಠ್ಮಂಡುವಿನಿಂದ ಅಲ್ಲಿಗೆ ನಾಲ್ಕೈದು ಗಂಟೆಯ ದಾರಿ. ನಡುರಾತ್ರಿ ದಾಟುತ್ತಿದ್ದಂತೆ ಜೀಪು ಹತ್ತಿದೆವು. ವಿಮಾನದಲ್ಲಿ ಒಬ್ಬರಿಗೆ ಒಟ್ಟು 15 ಕಿಲೋ ಸಾಮಾನು ಅಷ್ಟೇ. ಈ ಮಿತಿ ಒಳ್ಳೆಯದೇ. ಬೇಡದ್ದನ್ನು ಬಿಡಲು ಯಾರಾದರೂ ಒತ್ತಾಯ ಮಾಡಬೇಕು.

ಲುಕ್ಲಾ 2,860 ಮೀಟರ್ ಎತ್ತರದಲ್ಲಿದೆ. ಎಡ್ಮಂಡ್ ಹಿಲರಿ ಮುಂದೆ ನಿಂತು 1964ರಲ್ಲಿ ಮಾಡಿಸಿದ ಈ ವಿಮಾನ ನಿಲ್ದಾಣಕ್ಕೆ ಈಗ ತೇನ್‌ಸಿಂಗ್–ಹಿಲರಿ ಹೆಸರು. ರನ್‌ವೇ ಉದ್ದ ಬರೀ 527 ಮೀಟರ್, ಅದೂ ಇಳಿಜಾರು. ಇಳಿಯುವ ವಿಮಾನ ಏರುಮುಖವಾಗಿ ಓಡಿ ನಿಲ್ಲುತ್ತದೆ, ಹಾರುವ ವಿಮಾನ ಇಳಿಮುಖವಾಗಿ ಓಡಿ ಕಣಿವೆಯ ಕಡೆಗೆ ಜಿಗಿಯುತ್ತದೆ.

ನಮ್ಮ ಗೈಡ್ ಅಲ್ಲೇ ಕಾಯುತ್ತಿದ್ದರು. ಶೆರ್ಪಾ ಯುವಕ. ಅಕ್ಕ ಮೊದಲ ಗಳಿಗೆಯಿಂದಲೇ ಅವರನ್ನು ಭಾಯಿ ಎಂದು ಕರೆದಳು, ಅವರು ನಮ್ಮಿಬ್ಬರನ್ನೂ ದೀದಿ ಎಂದರು. ಇಬ್ಬರ ಚೀಲಗಳನ್ನೂ ಸೇರಿಸಿ ಒಬ್ಬ ಪೋರ್ಟರ್ ಹೊತ್ತರು. ಚೀಲ ಕಟ್ಟುವಾಗಲೇ ಅವರ ಬೆನ್ನು ನೆನಪಿರಬೇಕು. ಇಬ್ಬರದೂ ಸೇರಿ 20 ಕಿಲೋ ದಾಟದಂತೆ ನೋಡಿಕೊಂಡಿದ್ದೆವು.

ಮೊದಲ ದಿನದ ದಾರಿ ಚಿಕ್ಕದು, ಬಹುಪಾಲು ಇಳಿಯುವುದೇ. ಫಾಕ್ಡಿಂಗ್ 2,610 ಮೀಟರ್, ಅಂದರೆ ಲುಕ್ಲಾಗಿಂತ ಕೆಳಗೆ. ಹೊರಟು ಇಪ್ಪತ್ತು ನಿಮಿಷಕ್ಕೆ ಭಾಯಿ ನಿಲ್ಲಿಸಿದರು. ಲೇಸ್ ಬಿಚ್ಚಿ ಮತ್ತೆ ಕಟ್ಟಿ, ಜಾಕೆಟ್ ತೆಗೆಯಿರಿ, ಬ್ಯಾಗಿನ ಸೊಂಟದ ಪಟ್ಟಿ ಬಿಗಿ ಮಾಡಿ ಅಂದರು. ಈ ನಿಲುಗಡೆ ನನಗೆ ಬಹಳ ಇಷ್ಟವಾಯಿತು. ಕಾಲು ಬಿಸಿಯಾದ ಮೇಲೆಯೇ ಶೂ ಎಲ್ಲಿ ಉಜ್ಜುತ್ತದೆ ಎಂದು ತಿಳಿಯುವುದು. ಅಲ್ಲಿಂದ ಮುಂದೆ ದಿನವೂ ಹೀಗೇ ನಿಂತೆವು.

ಹೇಸರಗತ್ತೆಗಳ ಸಾಲು ಗಂಟೆ ಕುಲುಕಿಸುತ್ತಾ ಬಂದರೆ ಬೆಟ್ಟದ ಗೋಡೆಯ ಕಡೆಗೆ ಸರಿದು ನಿಲ್ಲಬೇಕು, ಕಣಿವೆಯ ಕಡೆಗೆ ಅಲ್ಲ. ಅವುಗಳ ಬೆನ್ನಿನ ಹೊರೆ ಅಗಲವಾಗಿರುತ್ತದೆ, ತಾಗಿದರೆ ನಾವು ಕೆಳಗೆ. ತೂಗುಸೇತುವೆಯ ಮೇಲೆ ಅವು ಬರುತ್ತಿದ್ದರೆ ಈಚೆ ದಡದಲ್ಲೇ ಕಾಯಬೇಕು. ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆಗಳು ಸಿಕ್ಕಾಗ ಅವನ್ನು ನಮ್ಮ ಬಲಕ್ಕೆ ಬಿಟ್ಟು ಎಡಗಡೆಯಿಂದ ದಾಟಬೇಕು, ಅದು ಆ ನೆಲದ ಮರ್ಯಾದೆ.

2ನೇ ದಿನ: ಫಾಕ್ಡಿಂಗ್‌ನಿಂದ ನಾಮ್ಚೆ

ದೂಧ್ ಕೋಸಿ ನದಿಯ ಪಕ್ಕದಲ್ಲೇ ದಾರಿ. ನದಿಯನ್ನು ತೂಗುಸೇತುವೆಗಳ ಮೇಲೆ ಆಚೆ ಈಚೆ ದಾಟುತ್ತಾ ಹೋಗಬೇಕು. ಮೊಂಜೊದಲ್ಲಿ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಬಾಗಿಲು. ಈ ಉದ್ಯಾನ ಆದದ್ದು 1976ರಲ್ಲಿ, 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಾರ್ಕ್ ದೇಶದವರಿಗೆ ಪ್ರವೇಶ ಶುಲ್ಕ 1,500 ನೇಪಾಳಿ ರೂಪಾಯಿ, ಮೇಲೆ ತೆರಿಗೆ. ನಮ್ಮ 1 ರೂಪಾಯಿಗೆ ಅಲ್ಲಿ 1.60. ಭಾರತೀಯರಿಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಕೈಯಲ್ಲಿರಬೇಕು.

ಹಿಲರಿ ಹೆಸರಿನ ಎತ್ತರದ ಸೇತುವೆ ದಾಟಿದ ಮೇಲೆ ನಾಮ್ಚೆಯ ಏರು ಶುರು. ಎಡೆಬಿಡದೆ 600 ಮೀಟರ್‌ನಷ್ಟು ಹತ್ತಬೇಕು. ಸುತ್ತ ಪೈನ್ ಮರಗಳು, ದಾರಿಯಲ್ಲಿ ಧೂಳು. ಎಲ್ಲರೂ ಉತ್ಸಾಹದಲ್ಲಿ ಮುನ್ನುಗ್ಗುವುದು ಇಲ್ಲಿಯೇ. ಭಾಯಿ ಮುಂದೆ ನಡೆಯುತ್ತಾ, "ಬಿಸ್ತಾರೈ, ದೀದಿ, ಬಿಸ್ತಾರೈ" ಎನ್ನುತ್ತಿದ್ದರು, ನಿಧಾನ ಎಂದರ್ಥ. ಅವರ ಹೆಜ್ಜೆ ನೋಡಿದರೆ ನಿಂತೇ ಇದ್ದಾರೇನೋ ಅನ್ನಿಸಬೇಕು, ಅಷ್ಟು ನಿಧಾನ.

ಏರಿನಲ್ಲಿ ನಾವು ಹಾಕಿದ್ದು ವಿಶ್ರಾಂತಿಯ ಹೆಜ್ಜೆ. ಮೇಲಿನ ಕಾಲು ಊರಿ, ಹಿಂದಿನ ಕಾಲಿನ ಮಂಡಿಯನ್ನು ನೇರ ಮಾಡಿ, ಅರೆಕ್ಷಣ ಭಾರವನ್ನೆಲ್ಲ ಆ ಕಾಲಿನ ಎಲುಬಿನ ಮೇಲೆ ಬಿಡುವುದು. ಆ ಅರೆಕ್ಷಣ ಸ್ನಾಯುಗಳಿಗೆ ಬಿಡುವು. ಆಮೇಲೆ ಮುಂದಿನ ಹೆಜ್ಜೆ. ಒಂದು ಹೆಜ್ಜೆಗೆ ಒಂದು ಉಸಿರು. ಕೆಳಗಿನ ಮೆಟ್ಟಿಲುಗಳ ಮೇಲೆ ಇದನ್ನು ಮಾಡಿದಾಗ ಸುಮ್ನೆ ಸಮಯ ಹಾಳು ಅನ್ನಿಸುತ್ತದೆ. ಇಲ್ಲಿ ಇದು ಉಳಿತಾಯ. ನಿಂತು ನಿಂತು ಏದುಸಿರು ಬಿಡುವವರಿಗಿಂತ ನಿಲ್ಲದೆ ನಿಧಾನ ಹೋಗುವವರು ಮುಂಚೆ ತಲುಪುತ್ತಾರೆ.

ಅಂಥ ಹೆಜ್ಜೆಯನ್ನು ಕಲಿಯಬೇಕಾದ್ದು ಪೋರ್ಟರುಗಳಿಂದ. ಹೊರೆ ಬೆನ್ನಿನ ಮೇಲೆ ಡೋಕೊ ಬುಟ್ಟಿಯಲ್ಲಿ, ಅದರ ಪಟ್ಟಿ ನಾಮ್ಲೊ ಹಣೆಯ ಮೇಲೆ, ಕೈಯಲ್ಲಿ ಇಂಗ್ಲಿಷಿನ ಟಿ ಅಕ್ಷರದ ಹಾಗಿರುವ ಗಿಡ್ಡ ಕೋಲು ಟೋಕ್ಮಾ. ಸ್ವಲ್ಪ ದೂರ ನಡೆಯುವುದು, ಬುಟ್ಟಿಯ ಕೆಳಗೆ ಟೋಕ್ಮಾ ಕೊಟ್ಟು ನಿಂತಲ್ಲೇ ಭಾರ ಇಳಿಸುವುದು, ಮತ್ತೆ ನಡೆಯುವುದು. ದಣಿವು ಆಗಲಿ, ಆಮೇಲೆ ನಿಲ್ಲೋಣ ಎಂದು ಅವರು ಕಾಯುವುದಿಲ್ಲ.

ಮಧ್ಯಾಹ್ನ ದಾಟಿ ನಾಮ್ಚೆ ಬಂತು, 3,440 ಮೀಟರ್. ಬಟ್ಟಲಿನಂಥ ಬೆಟ್ಟದ ಒಡಲಲ್ಲಿ ಸಾಲು ಸಾಲು ಮನೆಗಳು. ತಲುಪಿದ ಕೂಡಲೇ ಒದ್ದೆ ಬನಿಯನ್ ಬದಲಿಸಿ ಒಣಗಿದ್ದನ್ನು ಹಾಕಿಕೊಂಡೆವು. ಟೀ ಆಮೇಲೆ. ನಿಂತ ಹತ್ತೇ ನಿಮಿಷಕ್ಕೆ ಬೆವರು ತಣ್ಣಗಾಗಿ ಮೈ ನಡುಗಿಸುತ್ತದೆ. ಹತ್ತಿ ಬಟ್ಟೆಯನ್ನು ಮನೆಯಲ್ಲೇ ಬಿಟ್ಟು ಬರಬೇಕು ಎನ್ನುವುದು ಇದಕ್ಕೇ, ಅದು ಒದ್ದೆಯಾದರೆ ಬೇಗ ಒಣಗುವುದಿಲ್ಲ.

3ನೇ ದಿನ: ನಾಮ್ಚೆಯಲ್ಲೇ

ವಿಶ್ರಾಂತಿಯ ದಿನ ಎಂದು ಹೆಸರು, ಆದರೆ ಮಲಗುವ ದಿನ ಅಲ್ಲ. 3,000 ಮೀಟರ್ ದಾಟಿದ ಮೇಲೆ ಒಂದು ದಿನಕ್ಕೆ ಮಲಗುವ ಎತ್ತರವನ್ನು 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಹಗಲು ಎಷ್ಟು ಎತ್ತರ ಹತ್ತಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. ಹಗಲು ಸ್ವಲ್ಪ ಮೇಲೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಿದರೆ ದೇಹ ಬೇಗ ಒಗ್ಗಿಕೊಳ್ಳುತ್ತದೆ.

ಹಾಗಾಗಿ 3,880 ಮೀಟರ್‌ನಲ್ಲಿರುವ ಎವರೆಸ್ಟ್ ವ್ಯೂ ಹೋಟೆಲ್‌ವರೆಗೆ ಹತ್ತಿದೆವು. ಅಲ್ಲಿಂದ ಎವರೆಸ್ಟ್ ಚೆನ್ನಾಗಿ ಕಂಡಿತು. ನೇಪಾಳ ಮತ್ತು ಚೀನಾ ಸೇರಿ 2020ರ ಡಿಸೆಂಬರ್‌ನಲ್ಲಿ ಅದರ ಎತ್ತರ 8,848.86 ಮೀಟರ್ ಎಂದು ಘೋಷಿಸಿದವು. ಮೊದಲ ನೋಟಕ್ಕೆ ಪಕ್ಕದ ಲ್ಹೋತ್ಸೆಯೇ ದೊಡ್ಡದೆನ್ನಿಸುತ್ತದೆ. ಬಲಕ್ಕೆ ಅಮಾ ದಬ್ಲಮ್, 6,812 ಮೀಟರ್. ಎವರೆಸ್ಟ್ ನೋಡಲು ಬಂದ ಅಕ್ಕ ಅದನ್ನೇ ನೋಡುತ್ತಾ ಕೂತಳು.

ಮಧ್ಯಾಹ್ನ ಸಾಕ್ಸ್ ಒಗೆದು ಬಿಸಿಲಿಗೆ ಹಾಕಿದೆವು. ಮೇಲಿನ ಊರುಗಳಲ್ಲಿ ಒಗೆದದ್ದು ಒಣಗುವುದಿಲ್ಲ, ಹೆಪ್ಪುಗಟ್ಟುತ್ತದೆ. ಔಷಧಿ, ಟೇಪ್, ಬ್ಯಾಟರಿ ಏನಾದರೂ ಬಿಟ್ಟುಹೋಗಿದ್ದರೆ ಇಲ್ಲೇ ಕೊಳ್ಳಬೇಕು. ಮುಂದೆ ಹೋದಂತೆ ಅಂಗಡಿ ಕಡಿಮೆ, ಬೆಲೆ ಜಾಸ್ತಿ.

4ನೇ ದಿನ: ತೆಂಗ್ಬೋಚೆಗೆ

ಬೆಳಗಿನ ಎರಡು ಮೂರು ಗಂಟೆ ಬೆಟ್ಟದ ಪಕ್ಕೆಯಲ್ಲಿ ಸಲೀಸಾದ ದಾರಿ. ಆಮೇಲೆ 3,250 ಮೀಟರ್‌ನ ಫುಂಕಿ ತೆಂಗಾಕ್ಕೆ ಇಳಿದು, ನದಿ ದಾಟಿ, ಅಷ್ಟನ್ನೂ ಮತ್ತೆ ಹತ್ತಿ ಅದಕ್ಕಿಂತ ಮೇಲೆ ಹೋಗಬೇಕು. ಹತ್ತಿದ್ದನ್ನು ಕಳೆದುಕೊಂಡೆವಲ್ಲ ಎಂದು ಮನಸ್ಸು ಕುಗ್ಗುವ ಜಾಗ ಇದು. ಇಂಥಲ್ಲಿ ದೂರದ ತುದಿ ನೋಡಬಾರದು. ಮುಂದಿನ ತಿರುವು, ಅದರಾಚೆ ಮುಂದಿನ ತಿರುವು, ಅಷ್ಟೇ.

ನದಿಯ ಬಳಿ ಜಾಕೆಟ್ ತೆಗೆದು ಬರೀ ತೆಳು ಬನಿಯನ್‌ನಲ್ಲಿ ಹತ್ತಲು ಶುರು ಮಾಡಿದೆವು. ಮೊದಲ ಐದು ನಿಮಿಷ ಚಳಿ ಆಗುತ್ತದೆ, ಆಗಬೇಕು. ಬೆಚ್ಚಗೆ ಹೊರಟರೆ ಹತ್ತು ನಿಮಿಷಕ್ಕೆ ಒಳಗೆಲ್ಲ ಒದ್ದೆ. ತುದಿ ಮುಟ್ಟುವ ಸ್ವಲ್ಪ ಮುಂಚೆ ಮತ್ತೆ ಜಾಕೆಟ್ ಹಾಕಿಕೊಂಡೆವು, ಏಕೆಂದರೆ ತುದಿಯಲ್ಲಿ ಗಾಳಿ ಕಾದಿರುತ್ತದೆ.

ತೆಂಗ್ಬೋಚೆ 3,867 ಮೀಟರ್. ಇಲ್ಲಿನ ಗೊಂಪಾ, ಅಂದರೆ ಬೌದ್ಧ ಮಠ, 1916ರದು. 1934ರ ಭೂಕಂಪದಲ್ಲಿ ಬಿತ್ತು, ಕಟ್ಟಿದರು. 1989ರಲ್ಲಿ ಬೆಂಕಿಗೆ ಸುಟ್ಟಿತು, ಮತ್ತೆ ಕಟ್ಟಿದರು. ಸಂಜೆಯ ಪ್ರಾರ್ಥನೆಗೆ ಶೂ ಬಿಚ್ಚಿ ಒಳಗೆ ಕೂತೆವು. ಅಕ್ಕ ಕೊನೆಯವರೆಗೂ ಏಳಲಿಲ್ಲ.

ಆ ರಾತ್ರಿಯಿಂದ ಚಳಿಯ ಅಭ್ಯಾಸಗಳು ಶುರುವಾದವು. ಬಾಟಲಿಗೆ ಬಿಸಿನೀರು ತುಂಬಿ, ಸಾಕ್ಸ್‌ನೊಳಗೆ ಹಾಕಿ, ಸ್ಲೀಪಿಂಗ್ ಬ್ಯಾಗಿನ ಕಾಲಬಳಿ ಇಡುವುದು. ಬೆಳಗ್ಗೆ ಅದೇ ಕುಡಿಯುವ ನೀರು. ಫೋನು, ಪವರ್ ಬ್ಯಾಂಕ್, ಹೆಡ್‌ಲ್ಯಾಂಪಿನ ಬ್ಯಾಟರಿ ಎಲ್ಲವೂ ನಮ್ಮ ಜೊತೆ ಬ್ಯಾಗಿನೊಳಗೇ ಮಲಗುವುದು. ಹೊರಗಿಡುವ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸುವುದು. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ.

5ನೇ ದಿನ: ದಿಂಗ್ಬೋಚೆಗೆ

ಪಾಂಗ್ಬೋಚೆ ದಾಟಿದ ಮೇಲೆ ಮರಗಳು ಮುಗಿದವು. ಕುರುಚಲು ಗಿಡ, ಕಲ್ಲು, ಯಾಕ್‌ಗಳು. ಗಾಳಿ ಒಣಗಿರುವುದರಿಂದ ಬೆವರಿದ್ದು ಗೊತ್ತೇ ಆಗುವುದಿಲ್ಲ, ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ನಾವು ಅರ್ಧ ಗಂಟೆಗೊಮ್ಮೆ ಎರಡು ಮೂರು ಗುಟುಕು ಎಂದು ಲೆಕ್ಕ ಇಟ್ಟುಕೊಂಡಿದ್ದೆವು.

"ಅಕ್ಕ, ಕುಡಿದ್ಯಾ?"

"ಈಗ ತಾನೇ ಕುಡಿದ್ನಲ್ಲೇ."

"ಅದು ಆ ಸೇತುವೆ ಹತ್ರ. ಕುಡಿ."

ದಿನಕ್ಕೆ ಮೂರು ಲೀಟರ್ ಆಸುಪಾಸು, ಟೀ, ಸೂಪು ಎಲ್ಲ ಸೇರಿ. ಮೂತ್ರ ತಿಳಿಯಾಗಿ ಹೋಗುತ್ತಿದ್ದರೆ ಸಾಕು, ಅದಕ್ಕಿಂತ ಜಾಸ್ತಿ ಸುರಿದುಕೊಳ್ಳುವುದೂ ಬೇಡ. ನಲ್ಲಿ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾದು ಕುಡಿಯುತ್ತಿದ್ದೆವು. ಎವರೆಸ್ಟ್ ತಪ್ಪಲಿನ ಈ ಸೀಮೆಗೆ ಖುಂಬು ಎಂದು ಹೆಸರು, ಇಲ್ಲಿ ಪ್ಲಾಸ್ಟಿಕ್ ಬಾಟಲಿಗಳ ರಾಶಿ ದೊಡ್ಡ ಪೀಡೆ. ಎರಡು ಗಟ್ಟಿ ಬಾಟಲಿ ಮತ್ತು ಒಂದು ಡಬ್ಬಿ ಮಾತ್ರೆ ಇದ್ದರೆ ಅಲ್ಲಿ ಒಂದು ಬಾಟಲಿಯನ್ನೂ ಎಸೆದು ಬರಬೇಕಿಲ್ಲ.

ಬಿಸಿಲಿನ ಸುಡುವ ಕಿರಣ ಪ್ರತಿ 1,000 ಮೀಟರ್‌ಗೆ ಶೇಕಡ 10ರಷ್ಟು ಹೆಚ್ಚುತ್ತದೆ. ಚಳಿಯಲ್ಲಿ ಅದು ತಿಳಿಯುವುದಿಲ್ಲ. ಮೂಗಿನ ಕೆಳಭಾಗ, ಕಿವಿ, ತುಟಿ ಎಲ್ಲಕ್ಕೂ ಸನ್‌ಸ್ಕ್ರೀನ್ ಬೇಕು. ಮೂಗು ಬಾಯಿಯ ಮೇಲೆ ತೆಳುವಾದ ಬಟ್ಟೆ ಕಟ್ಟಿಕೊಂಡರೆ ಒಳಗೆ ಹೋಗುವ ಗಾಳಿಗೆ ಸ್ವಲ್ಪ ತೇವ, ಸ್ವಲ್ಪ ಬಿಸಿ ಸಿಗುತ್ತದೆ. ಇಲ್ಲದಿದ್ದರೆ ಖುಂಬು ಕೆಮ್ಮು ಎಂದೇ ಹೆಸರಾದ ಒಣಕೆಮ್ಮು ಹಿಡಿಯುತ್ತದೆ.

6ನೇ ದಿನ: ದಿಂಗ್ಬೋಚೆಯಲ್ಲೇ

ಊರು 4,410 ಮೀಟರ್‌ನಲ್ಲಿದೆ. ಎದುರಿನ ನಂಗ್ಕರ್‌ತ್ಶಾಂಗ್ ಬೆಟ್ಟದಲ್ಲಿ ಅರ್ಧದವರೆಗೆ ಹತ್ತಿ, ಸ್ವಲ್ಪ ಹೊತ್ತು ಕೂತು, ಇಳಿದೆವು. ತುದಿಗೆ ಹೋಗಲೇಬೇಕೆಂಬ ಹಟ ಇವತ್ತಿನ ಕೆಲಸಕ್ಕೆ ಬೇಕಿಲ್ಲ.

ಊಟ ಎರಡು ಹೊತ್ತೂ ದಾಲ್ ಭಾತ್. ಅನ್ನ, ಬೇಳೆ, ಪಲ್ಯ, ಕೇಳಿದಷ್ಟು ಬಡಿಸುತ್ತಾರೆ. ಖುಂಬುವಿನಲ್ಲಿ ಪ್ರಾಣಿಗಳನ್ನು ಕಡಿಯುವುದಿಲ್ಲ, ಮಾಂಸ ಕೆಳಗಿನಿಂದ ದಿನಗಟ್ಟಲೆ ಹೊತ್ತು ಬರಬೇಕು. ಮಾಂಸ ತಿನ್ನುವವರೂ ಮೇಲೆ ಬೇಳೆ ಅನ್ನಕ್ಕೆ ಬರುವುದು ಜಾಣತನ. ಎತ್ತರದಲ್ಲಿ ಹಸಿವು ಸಾಯುತ್ತದೆ. ತಿನ್ನಬೇಕೆನ್ನಿಸದಿದ್ದರೂ ಸ್ವಲ್ಪ ಸ್ವಲ್ಪ ತಿನ್ನುವುದು ಕೂಡ ನಡಿಗೆಯಷ್ಟೇ ಮುಖ್ಯ ಕೆಲಸ.

7ನೇ ದಿನ: ಲೋಬುಚೆಗೆ

ದುಘ್ಲಾ ಏರಿನ ತುದಿಯಲ್ಲಿ ಎವರೆಸ್ಟ್ ಮತ್ತು ಸುತ್ತಲಿನ ಶಿಖರಗಳಲ್ಲಿ ತೀರಿಕೊಂಡವರ ನೆನಪಿನ ಕಲ್ಲುಗಳಿವೆ. ಅದರಲ್ಲಿ ಶೆರ್ಪಾಗಳ ಹೆಸರು ಎಷ್ಟೊಂದು! ಭಾಯಿ ಒಂದು ಕಲ್ಲಿನ ಮುಂದೆ ನಿಂತು ಕೈಮುಗಿದರು. ನಾವು ಕೇಳಲಿಲ್ಲ.

ಲೋಬುಚೆ 4,940 ಮೀಟರ್. ಯಾಕ್ ಸೆಗಣಿಯ ಬೆರಣಿ ಉರಿಯುವ ಒಲೆಯ ಸುತ್ತ ಎಲ್ಲರೂ ಕೂತಿದ್ದೆವು. ಅಕ್ಕ ಸೂಪನ್ನು ಪಕ್ಕಕ್ಕೆ ಸರಿಸಿದಳು.

"ತಲೆ ನೋಯ್ತಿದೆ ಕಣೇ. ಊಟ ಬೇಡ ಅನ್ನಿಸ್ತಿದೆ."

ಮನೆಯಲ್ಲಿ ಕಾಫಿ ಕುಡಿಯುತ್ತಾ ಆಡಿದ ಮಾತು ಈಗ ಕೆಲಸಕ್ಕೆ ಬಂತು. ಅವಳು ಮುಚ್ಚಿಡಲಿಲ್ಲ. ಬೇಸ್ ಕ್ಯಾಂಪ್‌ಗೆ ಇನ್ನೊಂದೇ ದಿನ ಉಳಿದಿರುವಾಗ ಈ ಮಾತು ಹೇಳುವುದು ಸುಲಭ ಅಲ್ಲ. ಎತ್ತರಕ್ಕೆ ಬಂದ ಮೇಲೆ ತಲೆನೋವು, ಜೊತೆಗೆ ಊಟ ಬೇಡವಾಗುವುದು, ಹೊಟ್ಟೆ ತೊಳಸುವುದು, ಸುಸ್ತು, ತಲೆ ಸುತ್ತು ಇವುಗಳಲ್ಲಿ ಒಂದಾದರೂ ಇದ್ದರೆ ಅದನ್ನು ಎತ್ತರದ ಕಾಯಿಲೆ ಎಂದೇ ಹಿಡಿಯಬೇಕು. ಗ್ಯಾಸ್, ನಿದ್ದೆಗೇಡು, ಬಿಸಿಲು ಎಂದು ಬೇರೆ ಕಾರಣ ಹುಡುಕಬಾರದು. ಬಿಸಿನೀರು ಕುಡಿದು, ನೋವಿನ ಮಾತ್ರೆ ತೆಗೆದುಕೊಂಡು ಅವಳು ಮಲಗಿದಳು. ಭಾಯಿ ರಾತ್ರಿ ಎರಡು ಸಲ ಬಂದು ಬಾಗಿಲು ತಟ್ಟಿ, "ದೀದಿ, ಹೇಗಿದ್ದೀರಿ?" ಎಂದು ಕೇಳಿದರು. ಮಾತು ತೊದಲುತ್ತಿದೆಯಾ, ಕೆಮ್ಮು ಬದಲಾಗಿದೆಯಾ ಎಂದು ಅವರು ಕೇಳಿಸಿಕೊಳ್ಳುತ್ತಿದ್ದರು.

8ನೇ ದಿನ: ಕೆಳಗೆ, ಫೆರಿಚೆಗೆ

ಬೆಳಗ್ಗೆ ತಲೆನೋವು ಹೋಗಿರಲಿಲ್ಲ. ಒಂದು ಸಲ ವಾಂತಿಯೂ ಆಯಿತು. ಪಕ್ಕದ ಮೇಜಿನವರು, ಇನ್ನು ನಾಲ್ಕೈದು ಗಂಟೆ ಅಷ್ಟೇ, ಹೋಗಿ ಬಂದುಬಿಡಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಕ್ಕ ನನ್ನ ಮುಖ ನೋಡಿದಳು. "ಇಳಿಯೋಣ" ಎಂದೆ. ಚರ್ಚೆ ಏನೂ ಆಗಲಿಲ್ಲ, ಅದು ಮುಗಿದು ತಿಂಗಳುಗಳಾಗಿತ್ತು.

ಅವಳ ಬೆನ್ನಿನ ಬ್ಯಾಗನ್ನು ನಾನೂ ಭಾಯಿಯೂ ಹಂಚಿಕೊಂಡೆವು. ಫೆರಿಚೆ 4,371 ಮೀಟರ್, ಅಂದರೆ ಲೋಬುಚೆಗಿಂತ 570 ಮೀಟರ್‌ನಷ್ಟು ಕೆಳಗೆ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ 1973ರಿಂದ ಈ ಊರಿನಲ್ಲಿ ಚಿಕಿತ್ಸಾ ಕೇಂದ್ರ ನಡೆಸುತ್ತಿದೆ. ಟ್ರೆಕ್ಕಿಂಗ್ ಕಾಲದಲ್ಲಿ ವೈದ್ಯರು ಇರುತ್ತಾರೆ. ಅಲ್ಲಿನ ವೈದ್ಯೆ ಅಕ್ಕನ ಎದೆ ಪರೀಕ್ಷಿಸಿದರು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನೆಲದ ಗೆರೆಯ ಮೇಲೆ ನಡೆಸಿದರು. ಹೀಗೆ ನಡೆಯುವಾಗ ತೂರಾಡಿದರೆ ಮಿದುಳಿನಲ್ಲಿ ಊತ ಶುರುವಾಗಿರಬಹುದು. ಸುಮ್ಮನೆ ಕೂತಾಗಲೂ ಉಸಿರು ಸಿಗದಿದ್ದರೆ ಶ್ವಾಸಕೋಶದಲ್ಲಿ ನೀರು. ಎರಡೂ ಜೀವಕ್ಕೆ ಅಪಾಯ, ಎರಡಕ್ಕೂ ಮೊದಲ ಮದ್ದು ಕೂಡಲೇ ಕೆಳಗೆ ಇಳಿಯುವುದು. ಅಕ್ಕನಿಗೆ ಎರಡೂ ಇರಲಿಲ್ಲ. ಸರಿಯಾದ ಹೊತ್ತಿಗೆ ಇಳಿದಿದ್ದೀರಿ, ಪೂರ್ತಿ ಗುಣವಾಗುವವರೆಗೆ ಮೇಲೆ ಹೋಗಬೇಡಿ ಎಂದರು.

ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಊರಿನ ವೈದ್ಯರ ಹತ್ತಿರ ಮೊದಲೇ ಕೇಳಿಕೊಂಡು ಬಂದಿದ್ದೆವು, ಇಲ್ಲಿ ಮತ್ತೆ ಕೇಳಿದೆವು. ಅದು ದೇಹ ಒಗ್ಗಿಕೊಳ್ಳುವುದನ್ನು ಬೇಗ ಮಾಡುತ್ತದೆ. ಆದರೆ ಅದನ್ನು ನುಂಗಿ ನೋವಿನ ಜೊತೆಗೇ ಮೇಲೆ ಹತ್ತಬಹುದು ಎಂದಲ್ಲ. ಯಾರಿಗೆ, ಎಷ್ಟು ಎನ್ನುವುದನ್ನು ವೈದ್ಯರೇ ಹೇಳಬೇಕು.

ಸಂಜೆಗೆ ಅಕ್ಕ ಒಂದು ತಟ್ಟೆ ಅನ್ನ ಖಾಲಿ ಮಾಡಿದಳು.

9 ಮತ್ತು 10ನೇ ದಿನ: ಫೆರಿಚೆ, ಮತ್ತೆ ಲೋಬುಚೆ

ಒಂದು ದಿನ ಪೂರ್ತಿ ಫೆರಿಚೆಯಲ್ಲಿ ಕಳೆದೆವು. ಮಧ್ಯಾಹ್ನ ಚಿಕಿತ್ಸಾ ಕೇಂದ್ರದಲ್ಲಿ ಎತ್ತರದ ಕಾಯಿಲೆಗಳ ಬಗ್ಗೆ ಮಾತು ಇರುತ್ತದೆ, ಕೂತು ಕೇಳಿದೆವು. ಖುಂಬುವಿಗೆ ಹೋಗುವ ಪ್ರತಿಯೊಬ್ಬರೂ ಅದನ್ನು ಕೇಳಬೇಕು. ಮೇಲೆ ಹೋಗುವಾಗಲೇ ಫೆರಿಚೆ ದಾರಿ ಹಿಡಿದರೆ ಇನ್ನೂ ಒಳ್ಳೆಯದು. ಮರುದಿನ ಅಕ್ಕನಿಗೆ ತಲೆನೋವಿಲ್ಲ, ಹಸಿವಿದೆ. ವೈದ್ಯೆ ಒಪ್ಪಿದ ಮೇಲೆ ಹೊರಟು, ದುಘ್ಲಾದಲ್ಲಿ ಬೇಕೆಂದೇ ಬಹಳ ಹೊತ್ತು ಕೂತು, ಲೋಬುಚೆ ಸೇರಿದೆವು. ಈ ಸಲ ಸೂಪು ಮುಗಿಯಿತು.

ಈ ಹೆಚ್ಚಿನ ದಿನಗಳು ಎಲ್ಲಿಂದ ಬಂದವು? ರಜೆ ಹಾಕುವಾಗ ಜಾಸ್ತಿ ಹಾಕಿದ್ದರಿಂದ ಬಂದವು. ದಿನಗಳನ್ನು ಬಿಗಿಯಾಗಿ ಜೋಡಿಸಿಕೊಂಡು ಬಂದವರು ತಲೆನೋವಿನಲ್ಲೇ ಮೇಲೆ ಹೋಗುತ್ತಾರೆ, ಬೇರೆ ದಾರಿ ಇರುವುದಿಲ್ಲ. ದುಬಾರಿ ಜಾಕೆಟ್‌ಗೆ ಕೊಡುವ ದುಡ್ಡಿನ ಬದಲು ಎರಡು ದಿನ ಕೊಂಡುಕೊಳ್ಳಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ.

11ನೇ ದಿನ: ಬೇಸ್ ಕ್ಯಾಂಪ್

ಗೋರಕ್ ಶೆಪ್ 5,164 ಮೀಟರ್, ಈ ದಾರಿಯ ಕೊನೆಯ ಲಾಡ್ಜ್‌ಗಳು ಅಲ್ಲಿವೆ. ಚೀಲ ಇಟ್ಟು, ತಿಂದು, ಬೇಸ್ ಕ್ಯಾಂಪ್ ಕಡೆ ಹೊರಟೆವು. ಖುಂಬು ಹಿಮನದಿ ತಂದು ಸುರಿದ ಕಲ್ಲುಗಳ ದಿಬ್ಬದ ಮೇಲೆ ದಾರಿ. ಎಡವುವ ಕಲ್ಲು ಜಾಸ್ತಿ. ಟ್ರೆಕ್ಕಿಂಗ್ ಪೋಲ್ ಮೊದಲು, ಕಾಲು ಆಮೇಲೆ.

5,364 ಮೀಟರ್. ಇಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಶೂ ಲೇಸ್ ಕಟ್ಟಲು ಬಗ್ಗಿದರೂ ಏದುಸಿರು. ಎವರೆಸ್ಟ್ ಹತ್ತುವ ತಂಡಗಳು ಬರುವುದು ಮುಖ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ, ಹಾಗಾಗಿ ಡೇರೆಗಳು ಇರಲಿಲ್ಲ. ಅಲ್ಲಿಂದ ಎವರೆಸ್ಟ್‌ನ ತುದಿಯೂ ಕಾಣುವುದಿಲ್ಲ. ಕಾಣುವುದು ಖುಂಬು ಐಸ್‌ಫಾಲ್. ಮನೆಗಳಷ್ಟು ದೊಡ್ಡ ಹಿಮದ ಗಡ್ಡೆಗಳು ಒಂದರ ಮೇಲೊಂದು ವಾಲಿಕೊಂಡು ನಿಂತಿವೆ. ಅಕ್ಕ ಅದನ್ನು ನೋಡಿ ಅತ್ತಳು. ನನಗೂ ಗಂಟಲು ಕಟ್ಟಿತು. ಅರ್ಧ ಗಂಟೆಯೊಳಗೆ ಭಾಯಿ ಹೊರಡಿಸಿದರು, ಮಧ್ಯಾಹ್ನದ ಗಾಳಿ ಏಳುವ ಮುಂಚೆ ಗೋರಕ್ ಶೆಪ್‌ಗೆ ಮರಳಬೇಕಿತ್ತು.

12ನೇ ದಿನ: ಕಾಲಾ ಪತ್ಥರ್, ಆಮೇಲೆ ಇಳಿತ

ಬೆಳಕಾಗುವ ಮುಂಚೆ ನಾನು ಮತ್ತು ಭಾಯಿ ಕಾಲಾ ಪತ್ಥರ್ ಹತ್ತಿದೆವು. ಅಕ್ಕ ಗೋರಕ್ ಶೆಪ್‌ನಲ್ಲೇ ಉಳಿದಳು, ಅವಳಿಗೆ ಬೇಕಾದ್ದು ಸಿಕ್ಕಿತ್ತು. ಕಾಲಾ ಪತ್ಥರ್ 5,500 ಮೀಟರ್ ದಾಟುವ ಬೆಟ್ಟ. ಕೈಗೆ ಎರಡು ಪದರ ಗ್ಲೌಸ್, ಫೋನು ಒಳಗಿನ ಜೇಬಿನಲ್ಲಿ. ಹತ್ತು ಹೆಜ್ಜೆ, ನಿಲುಗಡೆ, ಮತ್ತೆ ಹತ್ತು ಹೆಜ್ಜೆ. ಎವರೆಸ್ಟ್‌ನ ಹಿಂದಿನಿಂದ ಸೂರ್ಯ ಬಂದ. ಬೇಸ್ ಕ್ಯಾಂಪ್‌ನಿಂದ ಕಾಣದ ಶಿಖರ ಇಲ್ಲಿಂದ ಪೂರ್ತಿ ಎದುರಿಗೇ ಇತ್ತು.

ಇಳಿದು ಬಂದು ಗಂಜಿ ಕುಡಿದು, ಅದೇ ದಿನ ಫೆರಿಚೆವರೆಗೆ ನಡೆದೆವು. ಕೆಳಗಿಳಿದಂತೆ ಉಸಿರು ಸಲೀಸಾಗುತ್ತದೆ, ಕಾಲು ತಾನಾಗಿ ಓಡುತ್ತದೆ. ಇಲ್ಲೇ ತಡೆಯಬೇಕು. ಮಂಡಿ, ಪಾದದ ಕೀಲು ಹೊರಳುವುದು ಹೆಚ್ಚಾಗಿ ಇಳಿಯುವಾಗ, ಸಂಜೆ ಹೊತ್ತು, ಇನ್ನೇನು ಮುಗಿಯಿತು ಅನ್ನುವಾಗ.

13 ಮತ್ತು 14ನೇ ದಿನ: ನಾಮ್ಚೆ, ಲುಕ್ಲಾ

ಎರಡು ದಿನವೂ ಉದ್ದದ ಇಳಿತ. ಬೆಳಗ್ಗೆ ಲೇಸ್ ಬೇರೆ ರೀತಿ ಕಟ್ಟಿದೆವು. ಪಾದದ ಬೆನ್ನಿನ ಮೇಲೆ ಬಿಗಿ, ಬೆರಳುಗಳ ಕಡೆ ಸಡಿಲ, ಹಿಮ್ಮಡಿ ಹಿಂದಕ್ಕೆ ಕೂತಿರುವಂತೆ. ಪೋಲ್‌ಗಳನ್ನು ಒಂದಿಷ್ಟು ಉದ್ದ ಮಾಡಿಕೊಂಡೆವು. ಹಿಮ್ಮಡಿಯ ಪಕ್ಕ ಬಿಸಿ ಅನ್ನಿಸಿದ ಕೂಡಲೇ ಅಕ್ಕ ಕಲ್ಲಿನ ಮೇಲೆ ಕೂತು ಶೂ ಬಿಚ್ಚಿದಳು. ಚರ್ಮ ಬರೀ ಕೆಂಪಗಿತ್ತು. ಒರೆಸಿ, ಒಣಗಿಸಿ, ಟೇಪ್ ಹಚ್ಚಿದಳು. ಐದು ನಿಮಿಷದ ಕೆಲಸ, ಲುಕ್ಲಾವರೆಗೂ ಬೊಬ್ಬೆ ಏಳಲಿಲ್ಲ.

ಲುಕ್ಲಾದಲ್ಲಿ ಭಾಯಿಗೂ ಪೋರ್ಟರ್‌ಗೂ ಅವರ ಹಣ, ಮೇಲೆ ಖುಷಿಯ ಹಣ ಕೈಗೆ ಕೊಟ್ಟು ಒಟ್ಟಿಗೆ ಊಟ ಮಾಡಿದೆವು. ಮರುದಿನ ಮೋಡ ಕವಿದು ಒಂದು ವಿಮಾನವೂ ಬರಲಿಲ್ಲ. ಲುಕ್ಲಾದಲ್ಲಿ ಇದು ಮಾಮೂಲು. ಕಠ್ಮಂಡುವಿನಿಂದ ಊರಿಗೆ ಹೋಗುವ ಟಿಕೆಟ್ಟನ್ನು ಎರಡು ಮೂರು ದಿನ ಬಿಟ್ಟೇ ತೆಗೆದಿದ್ದೆವು, ಹಾಗಾಗಿ ಗಾಬರಿ ಇರಲಿಲ್ಲ. ಅಕ್ಕ ಶೂಗಳ ಮಣ್ಣು ಕೆರೆದು, ಒಳಪದರ ತೆಗೆದು ಗಾಳಿಗೆ ಇಟ್ಟಳು. ನಾನು ಸಾಮಾನಿನ ಪಟ್ಟಿ ತೆಗೆದು, ಬಳಸದೇ ಉಳಿದವುಗಳ ಮುಂದೆ ಗುರುತು ಹಾಕುತ್ತಾ ಕೂತೆ. ಔಷಧಿ ಡಬ್ಬಿಯ ಬಹುಪಾಲು ಹಾಗೇ ಇತ್ತು, ಅದನ್ನು ಪಟ್ಟಿಯಿಂದ ತೆಗೆಯಲಿಲ್ಲ. ಎರಡನೇ ಪ್ಯಾಂಟು ತೆಗೆದೆ. ಸಾಕ್ಸ್ ಇನ್ನೊಂದು ಜೊತೆ ಸೇರಿಸಿದೆ.